ಸೋಮವಾರದ ತುಪ್ಪ

ನಮ್ಮ ಯಜಮಾನರನ್ನು ಹದಿನಾರು ಗ್ರಾಮದ ನಮ್ಮ ಜಮೀನಿನಲ್ಲೇ, ಮನೆಯ ಹಿಂದಿನ ಬಾಳೆತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ ಬಿಟ್ಟೆವು. ಮಾರನೆಯ ಬೆಳಿಗ್ಗೆ ನೋಡಿದರೆ ಅವರು ಸಾಕಿದ ನಾಯಿ ಸಮಾಧಿಯನ್ನು ಕೆದಕಿ, ಮೂತಿಗೆಲ್ಲ ಮಣ್ಣು ಮೆತ್ತಿಕೊಂಡು ಕೂತಿತ್ತು.

ಬೀದಿಯ ಹೆಂಗಸರೆಲ್ಲ ನೋಡಲು ಬಂದರು. "ಯಜಮಾನ್ನ ಉಡುಕ್ತಾ ಅದೆ ಕಣವ್ವ, ಎಂಥಾ ಕರುಳು ನೋಡು ಮೂಕಪ್ರಾಣೀದು" ಎಂದು ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ ನನ್ನ ಕಡೆಗೂ ಒಂದು ನೋಟ ಹಾಕಿದರು. ನಾನು ಅತ್ತಿರಲಿಲ್ಲ. ಅಳು ಬಂದಿರಲಿಲ್ಲ, ಅಷ್ಟೇ. ಬಾರದ್ದನ್ನು ಎಲ್ಲಿಂದ ತರಲಿ? ಬಂದವರಿಗೆಲ್ಲ ಕಾಫಿ ಕೊಟ್ಟೆ, ಲೋಟ ತೊಳೆದಿಟ್ಟೆ.

ಆಮೇಲೆ ಅತ್ತೆ ಪ್ರತಿ ಸೋಮವಾರ ಹೋಗಿ ಸಮಾಧಿಯ ಮೇಲೆ ಒಂದು ಚಮಚ ತುಪ್ಪ ಬಿಟ್ಟು ಬರುತ್ತಿದ್ದರು. ನಾಯಿ ಮತ್ತೆ ಮತ್ತೆ ಕೆದಕುತ್ತಿತ್ತು. ಕೋಲು ತೋರಿಸಿದ್ದಾಯಿತು, ಮುಳ್ಳು ಮುಚ್ಚಿದ್ದಾಯಿತು. ಕಟ್ಟಿಹಾಕಿದರೆ ಹಗ್ಗವನ್ನೇ ಕಡಿದು ಹೋಯಿತು. ಮೈದುನನಿಗೆ ರೇಗಿಹೋಯಿತು.

"ಅಣ್ಣನ್ ಸಮಾಧಿ ಅತ್ಗೆ ಅದು, ತಿಪ್ಪೆ ಅಲ್ಲ. ಮುಂದಿನ್ ಸ್ವಾಮಾರ ಇನ್ನೊಂದ್ಸಲ ಕೆರೀಲಿ, ಆಟೋಗ್ ಆಕ್ಕಂಡೋಗಿ ನರಸೀಪುರದ ಸೇತುವೆ ಆಚೆ ಬುಟ್ಬತ್ತೀನಿ."

ಹೆಂಗಸರು ಹೇಳಿದ್ದನ್ನು ನಾನೂ ನಂಬಿದ್ದೆ. ನನ್ನ ಕೈಲಾಗದ್ದನ್ನು ಈ ನಾಯಿಯಾದರೂ ಮಾಡುತ್ತಿದೆ ಎಂದುಕೊಂಡಿದ್ದೆ. ಅದನ್ನೂ ಕಳಿಸಿಬಿಟ್ಟರೆ ನನಗೆ ಏನು ಉಳಿಯುತ್ತದೆ?

ಆ ಸಂಜೆ ಅದರ ಹಿಂದೆಯೇ ಹೋಗಿ ನಿಂತು ನೋಡಿದೆ. ತುಪ್ಪ ಬಿದ್ದ ಜಾಗ ಬಿಟ್ಟು ಬೇರೆಲ್ಲೂ ಅದು ಮೂಗಿಡಲಿಲ್ಲ. ನೆಕ್ಕಿತು, ಕೆದಕಿತು, ಮತ್ತೆ ನೆಕ್ಕಿತು. ಥೂ ನಿನ್ನ! ತುಪ್ಪ ಸುರಿದವರೂ ನಾವೇ, ಕಣ್ಣೊರೆಸಿಕೊಂಡವರೂ ನಾವೇ. ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ.

ತುಪ್ಪ ಬಿಡಬೇಡಿ ಎಂದು ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಮಗನಿಗೆ ಬಡಿಸುತ್ತಿದ್ದ ಕೈ ಅದು. ಇನ್ನು ನಾಯಿಗೆ ಕೆದಕಬೇಡ ಎಂದರೆ ಅದೇಕೆ ಕೇಳೀತು? ಇಲ್ಲಿ ಕೆದಕು ಎಂದರೆ ಕೇಳೀತು. ಬಚ್ಚಲು ಕಟ್ಟಿಸಲೆಂದು ಯಜಮಾನರು ತರಿಸಿದ್ದ ಮರಳು ಅಂಗಳದಲ್ಲಿ ಹಾಗೇ ಬಿದ್ದಿತ್ತು. ರೊಟ್ಟಿಯ ಚೂರಿಗೆ ತುಪ್ಪ ಸವರಿ, ನಾಯಿಯ ಕಣ್ಣೆದುರೇ ಮರಳಲ್ಲಿ ಹೂತು, "ತೋಡ್ಲಾ" ಎಂದೆ. ಮೊದಲು ಮೇಲುಮೇಲೆ, ಆಮೇಲೆ ಗೇಣುದ್ದ ಆಳದಲ್ಲಿ, ಆಮೇಲೆ ಅದಕ್ಕೆ ಕಾಣದಂತೆ. ನಾಲ್ಕೈದು ದಿನಕ್ಕೆ ಮರಳು ಕಂಡರೇ ಬಾಲ ಆಡಿಸತೊಡಗಿತು.

ಸೋಮವಾರ ಅತ್ತೆ ಬಟ್ಟಲು ಹಿಡಿದು ಹೊರಡುವುದಕ್ಕೆ ಮುಂಚೆ ಮೂರು ಚೂರು ಹೂತಿಟ್ಟೆ. ನಾಯಿ ಅತ್ತೆಯನ್ನೊಮ್ಮೆ ನೋಡಿತು, ನನ್ನನ್ನೊಮ್ಮೆ ನೋಡಿತು. ಮರಳಿನ ಗುಡ್ಡೆಗೇ ಬಂತು.

ಆ ವಾರವೆಲ್ಲ ಸಮಾಧಿಯ ಮಣ್ಣು ಕದಲಲಿಲ್ಲ. "ಅದ್ಕೂ ಮರ್ತೋಯ್ತು ಬುಡಿ ಅತ್ಗೆ" ಎಂದ ಮೈದುನ. ಆಟೋದ ಮಾತು ಮತ್ತೆ ಎತ್ತಲಿಲ್ಲ. ನಾಯಿ ಉಳಿಯಿತು.

ಒಂದು ಮಧ್ಯಾಹ್ನ ನಾನೊಬ್ಬಳೇ ಸಮಾಧಿಯ ಹತ್ತಿರ ಹೋಗಿ ಕೂತೆ. ಅವತ್ತು ನಾಯಿಯ ನೆಪವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅದೂ ಬಂತು.

"ತುಪ್ಪ ಇಲ್ಲ ಕಣೋ ಇವತ್ತು, ಓಗು" ಎಂದು ಎರಡೂ ಕೈ ಬಿಡಿಸಿ ತೋರಿಸಿದೆ.

ಕೈ ಮೂಸಿ ನೋಡಿತು. ಹೋಗಲಿಲ್ಲ. ಮಣ್ಣನ್ನೂ ಮುಟ್ಟದೆ ನನ್ನ ಕಾಲಿಗೊರಗಿ ಮಲಗಿಬಿಟ್ಟಿತು. ನನಗೆ ಆಗಲೂ ಅಳು ಬರಲಿಲ್ಲ. ಎದ್ದು ಬರುವುದಕ್ಕೂ ಆಗಲಿಲ್ಲ. ಅತ್ತೆ ಬಂದು ಕರೆಯುವವರೆಗೂ ಇಬ್ಬರೂ ಅಲ್ಲೇ ಇದ್ದೆವು.