ಓಣಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದ ಅತ್ತೆ

ಅತ್ತೆಯ ನಡುನೆತ್ತಿಯಲ್ಲಿ ಬಳೆಯ ಅಗಲದಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಅಲ್ಲಿನ ಚರ್ಮ ಸವೆದು, ತಿಕ್ಕಿದ ತಾಮ್ರದ ತಂಬಿಗೆಯ ತಳದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಸಿಮೆಂಟಿನ ಮಾಲು ತುಂಬಿದ ಬುಟ್ಟಿ ಹೊತ್ತು, ವರ್ಷಗಟ್ಟಲೆ ಮಹಡಿ ಹತ್ತಿ ಇಳಿದದ್ದರ ಗುರುತು ಅದು. ಬೇರೆಯವರಾಗಿದ್ದರೆ ಸೆರಗು ಮುಂದೆಳೆದು ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಎಣ್ಣೆ ಹಚ್ಚಿಸಿಕೊಳ್ಳಲು ನನ್ನ ಮುಂದೆ ಕೂತಾಗ ತಾವೇ ಅದನ್ನು ಬೆರಳಿನಿಂದ ತಟ್ಟಿ ತೋರಿಸಿ, "ಪಣಜಿಯ ಅರ್ಧಾ ಬಿಲ್ಡಿಂಗ ಇದರ ಮ್ಯಾಲ ನಿಂತಾವ. ಹಗೂರಕ ಹಚ್ಚು" ಎನ್ನುತ್ತಿದ್ದರು.

ನಾನು ಮದುವೆಯಾಗಿ ವಿಜಯಪುರದಿಂದ ಗೋವಾದ ಚಿಂಬಲಿಗೆ ಬರುವ ಹೊತ್ತಿಗೆ ಅವರು ಬುಟ್ಟಿ ಹೊರುವುದನ್ನು ಬಿಟ್ಟು, ಹೆಣ್ಣಾಳುಗಳ ಮುಕಾದಮ್ ಆಗಿದ್ದರು. ಓಣಿಯವರೆಲ್ಲ ಅವರನ್ನು ಕಾಕಿ ಎನ್ನುತ್ತಿದ್ದರು. ಬೆಳಿಗ್ಗೆ ಯಾರು ಯಾವ ಕಟ್ಟಡಕ್ಕೆ ಹೋಗಬೇಕು, ಯಾರಿಗೆ ಇವತ್ತು ಮೈ ಸರಿಯಿಲ್ಲ, ಯಾರ ಕೂಸನ್ನು ಯಾರು ನೋಡಿಕೊಳ್ಳಬೇಕು ಎಲ್ಲವೂ ಅವರ ಬಾಯಲ್ಲೇ ತೀರ್ಮಾನವಾಗುತ್ತಿತ್ತು. ನನ್ನ ಅಪ್ಪ ಸಿಸ್ಟರುಗಳ ಶಾಲೆಯಲ್ಲಿ ಬಸ್ಸು ಓಡಿಸುತ್ತಿದ್ದರಿಂದ ನಾನು ಅದೇ ಕಾನ್ವೆಂಟಿನಲ್ಲಿ ಓದಿದವಳು. ಮೆತ್ತಗೆ ಮಾತಾಡುವುದು, ಕರವಸ್ತ್ರ ನಾಲ್ಕು ಮಡಿಕೆ ಮಾಡುವುದು, ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುವುದು ಚೆನ್ನಾಗಿ ಬರುತ್ತಿತ್ತು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಎದುರುಮನೆಯ ಗಂಗವ್ವ ನನ್ನ ರೊಟ್ಟಿ ನೋಡಿ, ಇದು ಗೋವಾದ ನಕಾಶೆಯೋ ಕರ್ನಾಟಕದ್ದೋ ಎಂದು ಕೇಳಿ ಓಣಿಯನ್ನೆಲ್ಲ ನಗಿಸಿದ್ದಳು. ಅತ್ತೆಯೂ ನಕ್ಕರು. ಆದರೆ ತಟ್ಟೆಗೆ ಹಾಕಿಕೊಂಡು ತಿಂದದ್ದು ಮಾತ್ರ ಅದನ್ನೇ.

ನಮ್ಮದು ಸ್ಲ್ಯಾಬ್ ಹಾಕಿದ ಒಂದೂವರೆ ಕೋಣೆಯ ಮನೆ. ಓಣಿಯ ಉಳಿದ ಮನೆಗಳಿಗೆ ತಗಡು. ಗೋವಾದ ಮಳೆಗೆ ತಗಡು ತಡೆಯುವುದಿಲ್ಲ. ರಾತ್ರಿ ಕೆಳಗೆ ಪಾತ್ರೆ ಇಡುತ್ತಾರೆ, ಹಾಸಿಗೆ ಎಳೆಯುತ್ತಾರೆ, ಬೆಳಿಗ್ಗೆ ನೋಡಿದರೆ ಹಿಟ್ಟಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಸುತ್ತಿಟ್ಟ ರೇಶನ್ ಕಾರ್ಡು ಕೂಡ ಬೂಸು ಹಿಡಿದಿರುತ್ತದೆ. ನನ್ನ ಗಂಡ ಅತ್ತೆಗೆ ಸ್ಮಾರ್ಟ್‌ಫೋನ್ ತಂದುಕೊಟ್ಟ ವರ್ಷ ಅವರು ಅದರಲ್ಲಿ ಮೊದಲು ಕಲಿತದ್ದು ಫೋಟೋ ತೆಗೆಯುವುದನ್ನು. ಕಲಿತ ಮೇಲೆ ಮನೆಮನೆಗೆ ಹೋದರು. "ಕಾಗದಾ ತೊಯ್ತಾವು, ಫೋಟೋ ತೊಯ್ಯಂಗಿಲ್ಲ. ತರ್ರಿ ಇಲ್ಲಿ" ಎಂದು ಎಲ್ಲರ ಆಧಾರ್, ರೇಶನ್ ಕಾರ್ಡು, ಮಕ್ಕಳ ಜನನದ ದಾಖಲೆ, ಶಾಲೆ ಬಿಟ್ಟ ದಾಖಲೆಗಳನ್ನು ಒಂದೊಂದಾಗಿ ಫೋನಿಗೆ ತುಂಬಿಕೊಂಡರು. ಹೊಸದಾಗಿ ಊರಿಂದ ಬಂದ ಕುಟುಂಬ ಒಲೆ ಹೂಡುವ ಮೊದಲು ಅತ್ತೆಯ ಮುಂದೆ ಕಾಗದಗಳ ಚೀಲ ಬಿಚ್ಚುವುದು ನಮ್ಮ ಓಣಿಯ ಪದ್ಧತಿಯೇ ಆಗಿಹೋಯಿತು.

ಅತ್ತೆಗೆ ಅಂಕಿ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಹಾಗಾದರೆ ಯಾವ ಕಾಗದ ಯಾರದೆಂದು ತಿಳಿಯುವುದು ಹೇಗೆ? ಆ ಮನೆಗಳಲ್ಲಿ ಮೇಜಿಲ್ಲ. ಕಾಗದವನ್ನು ನೆಲದ ಮೇಲೆ ಮನೆಯವರ ಕೌದಿ ಹಾಸಿ ಅದರ ಮೇಲಿಟ್ಟು, ಸುತ್ತ ಒಂದು ಗೇಣು ಕೌದಿಯೂ ಕಾಣುವ ಹಾಗೆ ಫೋಟೋ ತೆಗೆಯುತ್ತಿದ್ದರು. ಹಳೆಯ ಸೀರೆ, ಧೋತರ, ಲಂಗಗಳ ತುಂಡು ಜೋಡಿಸಿ ಹೊಲಿದ ಕೌದಿ ಒಬ್ಬರದಿದ್ದ ಹಾಗೆ ಇನ್ನೊಬ್ಬರದು ಇರುವುದಿಲ್ಲವಲ್ಲ. ಕೆಂಪು ಇಳಕಲ್ ಸೆರಗಿನ ತುಂಡು ಕಂಡರೆ ಗಂಗವ್ವನ ಮನೆ. ಹಸಿರು ಸೀರೆಗೆ ಶಾಲೆಯ ಚೌಕಳಿ ಬಟ್ಟೆ ಕೂಡಿಸಿದ್ದರೆ ಹಸೀನಾಳ ಮನೆ. ಯಾರಾದರೂ ಬಂದು ಕೇಳಿದರೆ ಅತ್ತೆ ಬೆರಳಿನಿಂದ ಸರಸರ ತಳ್ಳುತ್ತ ಹೋಗಿ, ಕೌದಿ ಗುರುತಿಸಿ ತಟ್ಟನೆ ನಿಲ್ಲಿಸುತ್ತಿದ್ದರು.

ಹೀಗೆ ತುಂಬಿ ತುಂಬಿ ಆ ಫೋನು ಕೊನೆಗೊಮ್ಮೆ ಕೈಚೆಲ್ಲಿತು. ಮೊದಲೇ ಒಂದು ಸಲ ಕೆಲಸದ ಜಾಗದಲ್ಲಿ ಬಿದ್ದು ಪರದೆಯ ಕೆಳಭಾಗ ಸತ್ತಿತ್ತು. ಈಗ ಫೋಟೋ ತೆರೆಯಲು ಹೋದರೆ ಕಪ್ಪಾಗಿ ಮುಚ್ಚಿಕೊಳ್ಳುತ್ತಿತ್ತು. ಅದೂ ಎಂಥ ಹೊತ್ತಿನಲ್ಲಿ! ಹಸೀನಾಳ ಮಗಳು ರೇಶ್ಮಾಳಿಗೆ ನರ್ಸಿಂಗ್ ಕಲಿಯಲು ಸೀಟು ಬಂದಿತ್ತು. ಜನನದ ದಾಖಲೆ ಕೊಡಲು ಸೋಮವಾರ ಕೊನೆಯ ದಿನ. ಅಸಲು ಕಾಗದ ಹಿಂದಿನ ಮಳೆಗಾಲದಲ್ಲಿ, ತಗಡು ಹಾರಿದ ದಿನ ತೊಯ್ದು, ಒಣಗುವ ಮೊದಲೇ ಮುದ್ದೆಯಾಗಿಹೋಗಿತ್ತು. ಊರಿನ ಕಚೇರಿಯವರು ನೋಂದಣಿಯ ಸಂಖ್ಯೆ ಹೇಳಿದರೆ ಕೂಡಲೇ ಹೊಸ ಪ್ರತಿ ಕೊಡುತ್ತೇವೆ, ಇಲ್ಲದಿದ್ದರೆ ಹಳೆಯ ದಫ್ತರ ಹುಡುಕಬೇಕು, ಯಾವಾಗ ಸಿಗುತ್ತದೋ ಹೇಳಲಾಗದು ಎಂದಿದ್ದರು. ಆ ಸಂಖ್ಯೆ ಇದ್ದದ್ದು ಅತ್ತೆಯ ಫೋನಿನಲ್ಲಿ ಮಾತ್ರ.

ಮೊಬೈಲ್ ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ, ರಿಸೆಟ್ ಮಾಡಿದರೆ ಹೊಸದರ ಹಾಗೆ ಓಡುತ್ತದೆ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಕೊಂಕಣಿ-ಹಿಂದಿ ಬೆರೆಸಿ ಹೇಳಿದ. ಅತ್ತೆ ಅವನ ಕೈಯಿಂದ ಫೋನು ಕಿತ್ತುಕೊಂಡು ಬಂದರು. ದಾರಿಯುದ್ದಕ್ಕೂ ಬೈಗುಳ.

"ಮನಿಗೆ ಸುಣ್ಣಾ ಹೊಡಿಯಾಕ ಮನ್ಯಾಗಿನ ಮಂದೀನ್ನ ಸುಡತಾರೇನ? ಸಾಮಾನ ತಗದ ಹೊರಗ ಇಡತಾರ, ಸುಣ್ಣಾ ಹೊಡೀತಾರ, ತಿರಗಿ ಒಳಗ ಇಡತಾರ."

ನಾನು ಮೆಲ್ಲಗೆ, "ಹಂಗ ಮಾಡಾಕ ಬರತೈತ್ರಿ ಅತ್ತಿ. ಸಾಮಾನ ಇಡಾಕ ನಮ್ಮನ್ಯಾಗ ಜಾಗಾ ಐತಿ" ಎಂದೆ. ಮಗಳ ಪಾಠಕ್ಕೆಂದು ಗಂಡ ತಂದಿದ್ದ ಹಳೆಯ ಲ್ಯಾಪ್‌ಟಾಪ್ ನನ್ನ ಮನಸ್ಸಿನಲ್ಲಿತ್ತು. ಅತ್ತೆ ನಡೆಯುತ್ತಿದ್ದವರು ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಲಸಕ್ಕೆ ಬಂದ ಹೊಸ ಆಳನ್ನು ನೋಡುತ್ತಿದ್ದದ್ದೂ ಹಾಗೆಯೇ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಕೂತೆವು. ಹಸೀನಾ, ರೇಶ್ಮಾ ಹೊಸ್ತಿಲ ಬಳಿ. ಕರೆಯದೆಯೇ ಗಂಗವ್ವ ಒಳಗೆ. ವೈರು ಜೋಡಿಸಿದರೆ ಫೋನು ಚಾರ್ಜ್ ಆಗತೊಡಗಿತೇ ಹೊರತು ಲ್ಯಾಪ್‌ಟಾಪಿಗೆ ಬಾಗಿಲು ತೆರೆಯಲಿಲ್ಲ. ಫೈಲು ಕೊಡಲೋ ಬೇಡವೋ ಎಂದು ಅದು ಕೇಳುತ್ತಿತ್ತು, ಒಪ್ಪಿಗೆ ಒತ್ತುವ ಜಾಗ ಮಾತ್ರ ಪರದೆಯ ಸತ್ತ ಭಾಗದಲ್ಲಿತ್ತು. ಒತ್ತಿದೆ, ಉಜ್ಜಿದೆ, ಬೆರಳು ಒದ್ದೆ ಮಾಡಿ ನೋಡಿದೆ.

"ಕಾನ್ವೆಂಟ್ ಸಾಲ್ಯಾಗ ಇದನ್ನ ಕಲಿಸಿದ್ದಿಲ್ಲ ಕಾಣತೈತಿ" ಎಂದಳು ಗಂಗವ್ವ.

"ನಿನ್ನ ಬಾಯಿಗೆ ಒಂದ ವೈರ್ ಹಚ್ಚಲೇನ?" ಎಂದರು ಅತ್ತೆ.

ಆಗ ನನಗೆ ಹೊಳೆಯಿತು. ಫೋನನ್ನು ಅಡ್ಡ ಮಾಡಿದೆ. ಪರದೆಯೂ ತಿರುಗಿ, ಕೆಳಗಿದ್ದ ಪ್ರಶ್ನೆ ಬದುಕಿದ್ದ ಭಾಗಕ್ಕೆ ಬಂತು. ಒತ್ತಿದೆ, ಬಾಗಿಲು ತೆರೆಯಿತು. ಅತ್ತೆ ಹೂಂ ಎಂದರು, ಅಷ್ಟೇ. ಆದರೆ ಗಂಗವ್ವನ ಕಡೆ ತಿರುಗಿ ಒಂದು ಸಲ ನೋಡಿದ್ದನ್ನು ನಾನು ಕಂಡೆ.

ಫೋಟೋಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡಲು ಹಚ್ಚಿದೆ. ಹಸಿರು ಗೆರೆ ಇರುವೆಯ ಹಾಗೆ ತೆವಳತೊಡಗಿತು. ಯಾರೂ ಎಡವಬಾರದೆಂದು ಅತ್ತೆ ವೈರಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಅಂತೂ ಮುಗಿಯಿತು. ಫೋನಿನ ಕ್ಯಾಮರಾದ ಪೆಟ್ಟಿಗೆಯಲ್ಲಿ, ಅಂದರೆ ಫೋಲ್ಡರಿನಲ್ಲಿ, ಎಷ್ಟು ಫೋಟೋ ಇದ್ದವೋ ಲ್ಯಾಪ್‌ಟಾಪಿನಲ್ಲೂ ಅಷ್ಟೇ ತೋರಿಸುತ್ತಿತ್ತು. ಸಂಖ್ಯೆ ಹುಡುಕಿ ಬರೆದುಕೊಳ್ಳೋಣ, ಅಷ್ಟರಲ್ಲಿ ರಿಸೆಟ್ ಹಚ್ಚಿಬಿಡಲೇ ಎಂದು ಕೇಳಿದೆ.

"ತಡಿ" ಎಂದರು ಅತ್ತೆ. "ಸ್ಲ್ಯಾಬ್ ನಿಂತೈತಿಲ್ಲೋ ನೋಡದ ಸೆಂಟ್ರಿಂಗ್ ಬಿಚ್ಚಬಾರದು. ಒಂದೊಂದ ತೋರಸು."

ಅವರ ಕೆಲಸದಲ್ಲಿ ಅದು ಜೀವದ ಮಾತು. ಮೇಲೆ ಸುರಿದ ಕಾಂಕ್ರೀಟು ಗಟ್ಟಿಯಾಗುವ ಮೊದಲು ಕೆಳಗಿನ ಹಲಗೆ, ಕಂಬ ತೆಗೆದರೆ ಛಾವಣಿ ತಲೆಯ ಮೇಲೆ ಬರುತ್ತದೆ. ನಾನು ಒಂದೊಂದೇ ಫೋಟೋ ತೆರೆಯುತ್ತ ಹೋದೆ. ಅತ್ತೆ ಕಾಗದ ನೋಡಲೇ ಇಲ್ಲ, ಅಂಚಿನ ಕೌದಿ ನೋಡಿ ಮನೆ ಮನೆ ಕೂಗಿದರು. ಇದು ಗಂಗವ್ವನದು, ಇದು ಮೂಲೆಮನೆಯವರದು, ಇದು ಊರಿಗೆ ವಾಪಸು ಹೋದ ಗವಂಡಿ ಮೇಸ್ತ್ರಿಯದು. ಓಣಿಯ ಈ ತುದಿಯಿಂದ ಆ ತುದಿಗೆ ನಡೆದ ಹಾಗಿತ್ತು. ಹಸೀನಾಳ ಮನೆಯ ಹಸಿರು ಕೌದಿ ಎರಡು ಸಲ ಬಂತು. ಒಮ್ಮೆ ರೇಶನ್ ಕಾರ್ಡು, ಒಮ್ಮೆ ಆಧಾರ್. ಕೊನೆಯ ಫೋಟೋ ಮುಗಿದರೂ ಜನನದ ದಾಖಲೆ ಬರಲಿಲ್ಲ.

ಹಸೀನಾ ಗೋಡೆಗೆ ಒರಗಿದಳು. ರೇಶ್ಮಾ ತಲೆ ತಗ್ಗಿಸಿ ಓಢಣಿಯ ಅಂಚು ಸುತ್ತತೊಡಗಿದಳು. ಬಹುಶಃ ತೆಗೆದೇ ಇರಲಿಲ್ಲವೇನೋ ಎಂದು ನಾನು ಮೆಲ್ಲಗೆ ಹೇಳಿದೆ. ಅತ್ತೆಯ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಕಳವಳ ಸುಳಿಯಿತು. ಓಣಿಯವರು ಅವರನ್ನು ನಂಬಿ ಕೊಟ್ಟದ್ದು ಕಳೆದುಹೋಯಿತೇ? ಅವರು ಕಣ್ಣು ಮುಚ್ಚಿ ಕೂತರು.

"ತಗದೇನಿ" ಎಂದರು ಆಮೇಲೆ. "ಅವತ್ತ ತಗಡ ಹಾರಿತ್ತು. ಮೊಣಕಾಲಮಟಾ ನೀರು. ಇವರಪ್ಪ ಉಸಗಾಂವದಿಂದ ಫೋನ್ ಮಾಡಿ, ರೇಶ್ಮಾನ ಕಾಗದಾ ಉಳದೈತೇನು, ತೋರಸು ಅಂತ ಅಳಾಕತ್ತಿದ್ದ. ಕ್ಯಾಮರಾಕ್ಕ ಹೋಗಲಿಲ್ಲ ನಾ. ಅಂವಗ ಮೆಸೇಜ್ ಕಳಸೂದರಾಗನ ತಗದ, ಅಲ್ಲಿಂದನ ಕಳಸೇನಿ."

ಉಸಗಾಂವದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ರೇಶ್ಮಾಳ ಅಪ್ಪನ ಆ ಫೋನು ಎಂದೋ ಗಣಿಯ ನೀರಿಗೆ ಬಿದ್ದು ಹೋಗಿತ್ತು. ಆದರೆ ಅತ್ತೆಯ ಮಾತಿನಿಂದ ನನಗೆ ದಾರಿ ಸಿಕ್ಕಿತು. ಮೆಸೇಜಿನೊಳಗೇ ತೆಗೆದ ಫೋಟೋ ಕ್ಯಾಮರಾದ ಪೆಟ್ಟಿಗೆಗೆ ಬರುವುದಿಲ್ಲ, ಅದರ ಪೆಟ್ಟಿಗೆಯೇ ಬೇರೆ. ನಾನು ತೆಗೆದುಕೊಂಡದ್ದು ಒಂದೇ ಪೆಟ್ಟಿಗೆ. ಮತ್ತೆ ಫೋನಿನೊಳಗೆ ಹೋಗಿ, ಮೆಸೇಜಿನ ಪೆಟ್ಟಿಗೆ, ಅದರೊಳಗೆ ಚಿತ್ರಗಳದು, ಅದರೊಳಗೆ ಕಳಿಸಿದವುಗಳದು, ಹೀಗೆ ಒಂದರೊಳಗೊಂದು ತೆರೆಯುತ್ತ ಹೋದೆ. ಹಬ್ಬದ ಶುಭಾಶಯದ ಹೂಗಳ ನಡುವೆ ಅದು ಕಂಡಿತು.

ಅದರಲ್ಲಿ ಕೌದಿ ಇರಲಿಲ್ಲ. ಅವತ್ತು ಒಣಗಿದ ಕೌದಿ ಯಾರ ಮನೆಯಲ್ಲಿತ್ತು? ಅರ್ಧ ತೊಯ್ದ ಕಾಗದ ಅತ್ತೆಯ ಹಳದಿ ಸೀರೆಯ ಮೇಲೆ, ಅವರ ತೊಡೆಯ ಮೇಲೆ ಇತ್ತು. ಮೂಲೆಯ ಮಸಿ ಹರಡಿತ್ತು. ದೊಡ್ಡದು ಮಾಡಿದೆ. ಸಂಖ್ಯೆ ಉಳಿದಿತ್ತು.

ರೇಶ್ಮಾ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಅಂಕಿ ಬಲ್ಲ ಅತ್ತೆ ಅವಳ ಹಿಂದೆಯೇ ಓದಿ ತಾಳೆ ನೋಡಿದರು. ಹಸೀನಾ ಅವರ ಕಾಲು ಹಿಡಿಯಲು ಬಗ್ಗಿದಳು. ಅತ್ತೆ ಅವಳ ರಟ್ಟೆ ಹಿಡಿದೆತ್ತಿ, "ನನ್ನ ಕಾಲಿಗೆ ಯಾಕ ಬೀಳ್ತಿ? ಹುಡುಕಿದಾಕಿ ಇಲ್ಲಿ ಕುಂತಾಳ ನೋಡು" ಎಂದರು. ಮೆಸೇಜಿನ ಪೆಟ್ಟಿಗೆಯೂ ಪೂರ್ತಿ ಲ್ಯಾಪ್‌ಟಾಪಿಗೆ ಬಂತು. ಅದನ್ನೂ ಒಂದೊಂದಾಗಿ ತೆರೆಸಿ ನೋಡಿದ ಮೇಲೆ ನನ್ನ ಕಡೆ ತಿರುಗಿದರು.

"ಈಗ ಬಿಚ್ಚು ಸೆಂಟ್ರಿಂಗ್."

ರಿಸೆಟ್ ಹಚ್ಚಿದೆ.

ಸೋಮವಾರ ಮಧ್ಯಾಹ್ನದೊಳಗೆ ಊರಿಂದ ಹೊಸ ಪ್ರತಿಯ ಚಿತ್ರ ಬಂತು. ರೇಶ್ಮಾಳ ಸೀಟು ಉಳಿಯಿತು. ಆಮೇಲೆ ಅತ್ತೆ ಆ ಕಥೆಯನ್ನು ಹೇಳಿದ ರೀತಿಯೇ ಬೇರೆ. ಕಟ್ಟಡದ ಕೆಲಸದಲ್ಲಿ, ನೀರಿನ ನಲ್ಲಿಯ ಬಳಿ, ಕುಡಚಡೆಯ ನೆಂಟರ ಮದುವೆಯಲ್ಲಿ ಎಲ್ಲೆಲ್ಲೂ ಹೇಳಿದರು. ಪ್ರತಿ ಸಲವೂ ನಮ್ಮ ಲ್ಯಾಪ್‌ಟಾಪ್ ಇಷ್ಟಿಷ್ಟು ದೊಡ್ಡದಾಗುತ್ತ, ತಮ್ಮ ಪಾತ್ರ ಇಷ್ಟಿಷ್ಟು ಸಣ್ಣದಾಗುತ್ತ ಹೋಯಿತು. ಒಬ್ಬರು ಸೊಸೆಗೆ ರೊಟ್ಟಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ, "ರೊಟ್ಟಿ ನಾ ಬಡೀತೇನಿ. ಆಕಿಗೆ ಬ್ಯಾರೆ ಕೆಲಸಾ ಐತಿ" ಎಂದರಂತೆ. ಕಾನ್ವೆಂಟಿನಲ್ಲಿ ನನಗೆ ಅಂದದ ಬರವಣಿಗೆಗೆ ಬಹುಮಾನ ಬಂದಿತ್ತು, ವೇದಿಕೆ ಹತ್ತಿ ತೆಗೆದುಕೊಂಡಿದ್ದೆ. ಆ ಮಾತು ಕಿವಿಗೆ ಬಿದ್ದ ದಿನ ಆದಷ್ಟು ಸಂತೋಷ ಆ ವೇದಿಕೆಯ ಮೇಲೆ ಆಗಿರಲಿಲ್ಲ.

ರೇಶ್ಮಾ ಎರಡನೆಯ ವರ್ಷದಲ್ಲಿದ್ದಾಗ ಅತ್ತೆ ತೀರಿಕೊಂಡರು. ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಕಳಿಸಿ, ಚಹಾ ಕೇಳಿ, ನಾನು ಲೋಟ ತರುವುದರೊಳಗೆ ಗೋಡೆಗೆ ಒರಗಿದವರು ಏಳಲಿಲ್ಲ. ಅವತ್ತು ಮೂರು ಕಟ್ಟಡಗಳಲ್ಲಿ ಕೆಲಸ ನಿಂತಿತು. ಹೆಂಗಸರು ಮಾಲು ಹತ್ತಿದ ಕೈಯಲ್ಲೇ ಬಂದರು.

ಇನ್ನೂ ಸೂತಕದ ದಿನಗಳು. ಮೋಡ ಕಟ್ಟಿದ ಒಂದು ಮಧ್ಯಾಹ್ನ ಗಂಗವ್ವ ಬಾಗಿಲಲ್ಲಿ ಬಂದು ನಿಂತಳು. ಮಾತಾಡಿಸಲು ಬಂದಿದ್ದಾಳೆ ಎಂದುಕೊಂಡೆ. ಅವಳು ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೈಯಲ್ಲೇ ಹಿಡಿದುಕೊಂಡಳು. ಮಗಳ ಕೂಸಿನ ಜನನದ ದಾಖಲೆ ಅದು.

"ಬರಬಾರದ ಹೊತ್ತಿನ್ಯಾಗ ಬಂದೇನಿ" ಎಂದಳು. "ಮಳಿ ಬರೂವಂಗ ಐತಿ. ಕಾಕಿ ಇದ್ದಿದ್ರ ತಾವ ಬಂದ ಒಯ್ತಿದ್ರು."

ನನ್ನ ಗಂಡ, ಇವತ್ತೇ ಬೇಕಿತ್ತೇ ಎನ್ನುವ ಹಾಗೆ ನೋಡಿದರು. ನಾನು ಎದ್ದು ಕೈ ತೊಳೆದು, ಒರೆಸಿಕೊಂಡು, ಅವಳನ್ನು ಒಳಗೆ ಕರೆದೆ. ಬೆಳಕಿಗೆ ಹಿಡಿದು ಫೋಟೋ ತೆಗೆದೆ. ಲ್ಯಾಪ್‌ಟಾಪ್ ತೆಗೆದು ವೈರು ಜೋಡಿಸಿದೆ. ಗಂಗವ್ವ ಆಯ್ತಲ್ಲವಾ ಎಂದು ಚೀಲ ಮಡಿಚಿ ಏಳಹೋದಳು.

"ಕುಂದರ್ರಿ ಗಂಗವ್ವಕ್ಕ" ಎಂದೆ. "ಬಂದೈತಿಲ್ಲೋ ನೋಡೂಣು."