ಉಪ್ಪಿಲ್ಲದ ರೊಟ್ಟಿ

ಮೊದಲು ಹೇಸಿಗೆ ಹುಟ್ಟಿಸಿದ್ದು ಒಗ್ಗರಣೆಯ ವಾಸನೆ.

ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ನೆಗೆಣ್ಣಿ ಪಾರ್ವತಿ, ಮೈದುನನ ಹೆಂಡತಿ, ಬೇಳೆಗೆ ಸಾಸಿವೆ ಸಿಡಿಸಿದಳು. ಹತ್ತು ವರ್ಷದಿಂದ ಆದವಾನಿಯ ಈ ಮನೆಯಲ್ಲಿ, ಇದೇ ಒಲೆಯ ಮುಂದೆ ದುಡಿದವಳು ನಾನು. ಅಂದು ಮಾತ್ರ ಆ ಘಾಟು ಸುಟ್ಟ ಕೂದಲಿನ ಹಾಗೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಓಡಿ ಕಕ್ಕಿದೆ. ಬರೀ ನೀರು. ಹಳದಿ, ಕಹಿ.

ಪಾರ್ವತಿ ಬೆನ್ನು ನೀವುತ್ತ ನಕ್ಕಳು. "ಭಾವ ಬಂದು ಎರಡು ತಿಂಗಳಾತಲ್ಲಕ್ಕ. ಬಾಯಿ ಸಿಹಿ ಮಾಡಬೇಕು ನೀನು."

ನಾನೂ ಹಾಗೆಯೇ ಅಂದುಕೊಂಡೆ. ನನಗೆ ಮಕ್ಕಳಿರಲಿಲ್ಲ. ಗಂಡ ಮೊದಲು ಹತ್ತಿ ಮಿಲ್ಲಿನ ಲಾರಿ ನಡೆಸುತ್ತಿದ್ದರು. ಯುದ್ಧ ಬಂದಾಗ ಮಿಲಿಟರಿ ಡ್ರೈವರಾಗಿ ಸೇರಿ ಇಟಲಿಯವರೆಗೆ ಹೋದರು. ನಾಲ್ಕು ವರ್ಷ ಕಳೆದು, ಯುದ್ಧ ಮುಗಿದ ಮರುವರ್ಷ ಮನೆಗೆ ಬಂದಿದ್ದರು. ಹಾಗಾಗಿ ಮೂರು ದಿನ ವಾಂತಿಯನ್ನು ಸಂತೋಷದಿಂದಲೇ ಸಹಿಸಿದೆ.

ನಾಲ್ಕನೆಯ ದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಅತ್ತೆ ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡಿದರು.

"ಬಸುರಲ್ಲ ಇದು. ಕಾಮಾಲಿ."

ಡಾಕ್ಟರ್ ಮದ್ರಾಸಿನಲ್ಲಿ ಓದಿ ಬಂದವರು. ಹೊಟ್ಟೆಯ ಬಲಗಡೆ ಬೆರಳು ಒತ್ತಿ, ನಾನು ಅಯ್ಯೋ ಎಂದಮೇಲೆ ಕೈ ತೊಳೆದುಕೊಂಡರು. "ಜಾಂಡೀಸ್. ಲಿವರ್ ಬಾತಿದೆ," ಎಂದು ಇವರಿಗೆ ಹೇಳಿದರು. ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಉಪ್ಪು ವದ್ದಮ್ಮಾ, ನೂನೆ ವದ್ದು," ಎಂದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ನಲವತ್ತು ದಿನ.

ಎಣ್ಣೆ ಬಿಡುವುದು ಕಷ್ಟವಾಗಲಿಲ್ಲ, ಅದರ ನೆನಪೇ ವಾಕರಿಕೆ ತರುತ್ತಿತ್ತು. ಉಪ್ಪಿಲ್ಲದ ಗಂಜಿ ಮಾತ್ರ ಗೋಡೆಗೆ ಬಳಿಯುವ ಸುಣ್ಣದ ಹಾಗೆ ನಾಲಿಗೆಗೆ ಅಂಟುತ್ತಿತ್ತು. ಎರಡು ಗುಟುಕು ಒಳಗೆ, ಮೂರು ಗುಟುಕು ಹೊರಗೆ. ಮೈಯೆಲ್ಲ ತುರಿಕೆ. ಉಗುರಿನ ಸಂದಿಯಲ್ಲಿ ನನ್ನದೇ ಚರ್ಮ. ಸೀರೆಯಿಂದ, ದಿಂಬಿನಿಂದ, ನನ್ನ ಉಸಿರಿನಿಂದ ಹುಳಿತ ಹಿಟ್ಟಿನ ವಾಸನೆ ಬರುತ್ತಿತ್ತು. ಪಾರ್ವತಿ ನನ್ನ ತಟ್ಟೆ ಲೋಟವನ್ನು ಬೇರೆ ಇಟ್ಟಳು. ಇಟ್ಟಿದ್ದು ಸರಿ. ಆದರೆ ಅದನ್ನು ಎತ್ತುವಾಗ ಅವಳ ಮೂಗು ಸುಕ್ಕುಗಟ್ಟುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ.

ಎರಡನೆಯ ವಾರ ಇವರು ಮಿಲಿಟರಿ ಕಾಗದಪತ್ರಕ್ಕೆಂದು ಬಳ್ಳಾರಿಗೆ ಹೋದರು. ಅಂದೇ ಅತ್ತೆ ಬಂಡಿ ಕಟ್ಟಿಸಿದರು. ಪೆದ್ದಕಡುಬೂರಿನ ದಾರಿಯ ಒಂದು ಹಳ್ಳಿಯಲ್ಲಿ ಕಾಮಾಲೆಗೆ ಬರೆ ಹಾಕುವ ಮುದುಕನಿದ್ದ. ಇಬ್ಬರು ಹೆಂಗಸರು ನನ್ನ ಭುಜ ಹಿಡಿದರು. ಕಾದ ಕಬ್ಬಿಣವನ್ನು ಅವನು ಎಡ ಮುಂಗೈಗೆ ಒತ್ತಿದ.

ಸುಟ್ಟ ವಾಸನೆ ನನ್ನದು.

ಐದು ದಿನದಲ್ಲಿ ಕೈ ಮೊಣಕೈವರೆಗೆ ಬಾತಿತು. ಬರೆ ಒಡೆದು ಹಸಿರು ಕೀವು ಬಂತು. ಸತ್ತ ಇಲಿ ಬಿದ್ದ ಮನೆಯಲ್ಲಿ ಮೂಗು ಮುಚ್ಚಿಕೊಂಡು ಹುಡುಕುತ್ತೇವಲ್ಲ, ಆ ವಾಸನೆ. ಆದರೆ ಹುಡುಕಬೇಕಾಗಿರಲಿಲ್ಲ. ಅದು ನನ್ನ ತೋಳಿನ ತುದಿಯಲ್ಲೇ ಇತ್ತು.

ಇವರು ಬಳ್ಳಾರಿಯಿಂದ ಬಂದು ಕೈ ನೋಡಿದರು. ತಮ್ಮ ಅವ್ವನನ್ನೂ ನೋಡಿದರು. ನನ್ನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೋದರು. ಡಾಕ್ಟರ್ ಗಾಯ ಕೊಯ್ದು ತೊಳೆದು, ದಿನಾ ಡ್ರೆಸ್ಸಿಂಗ್ ಆಗಬೇಕು ಎಂದರು. ಮತ್ತೆ ಇವರನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಕೈ ವಾಸಿಯಾಗುತ್ತದೆ. ಆದರೆ ಈಕೆ ಉಣ್ಣುತ್ತಿಲ್ಲ. ಒಂದು ವಾರ ಹೀಗೇ ಹೋದರೆ ನಾನು ಏನೂ ಮಾಡಲಾರೆ."

ಕಾಂಪೌಂಡರ್ ತೋರಿಸಿಕೊಟ್ಟ ಮೇಲೆ ಡ್ರೆಸ್ಸಿಂಗ್ ಇವರೇ ಮಾಡತೊಡಗಿದರು. ವಾಂತಿಯ ಬೋಗುಣಿ ಎತ್ತಿದವರೂ ಇವರೇ. ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು ಬರುತ್ತಿತ್ತು.

"ನಿಮಗ ಹೇಸಿಗಿ ಅನ್ನಸಂಗಿಲ್ಲೇನ್ರಿ?" ಎಂದು ಕೇಳಿದೆ.

"ಲಾರಿ ತುಂಬ ಗಾಯದವರ್ನ ತಂದೀನಿ. ಮೊದಲನೇ ವಾರ ನಾನೂ ಕಕ್ಕೀನಿ. ಆಮ್ಯಾಲ ಮೂಗು ಸತ್ತು ಹೋತು." ಬಟ್ಟೆ ಸುತ್ತುತ್ತ ತಲೆಯೆತ್ತದೆ ಮುಂದುವರಿಸಿದರು. "ನಿನಗ ಬಂದಿದ್ದು ನನಗೂ ಬಂದಿತ್ತು, ಅಲ್ಲಿ."

"ಕಾಮಾಲಿನಾ?"

"ಹ್ಞೂಂ. ಗುಡ್ಡದ ಮ್ಯಾಲೊಂದು ಒಕ್ಕಲತನದ ಮನಿ. ಲಾರಿ ಕೆಟ್ಟು ಅಲ್ಲೇ ಉಳಿದ್ವಿ. ಒಬ್ಬಾಕಿ ಮುದುಕಿ ನನ್ನ ಕಣ್ಣು ನೋಡಿದಳು, ರೊಟ್ಟಿ ನೀರಾಗ ನೆನಸಿ ತಿನ್ನಿಸಿದಳು. ಆ ಸೀಮ್ಯಾಗ ರೊಟ್ಟಿಗೆ ಉಪ್ಪೇ ಹಾಕಂಗಿಲ್ಲ."

"ರೋಗಿಗೋ?"

"ಎಲ್ಲಾರಿಗೂ. ಗಟ್ಟಿ ಇದ್ದವರೂ ಅದನ್ನ ತಿಂತಾರ. ಬೇಕಂತ ತಿಂತಾರ."

ಒಂದು ನಾಡಿಗೆ ನಾಡೇ ನನ್ನ ಪಥ್ಯವನ್ನು ಉಣ್ಣುತ್ತದೆ ಎಂಬುದನ್ನು ನಾನು ನಂಬಲಿಲ್ಲ. ಆದರೆ ಅಂದು ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸುತ್ತ ಮಲಗಿದ್ದೆ.

ಮರುದಿನ ಇವರು ಅಡುಗೆಮನೆಗೆ ನುಗ್ಗಿದರು. ಗೋಧಿ ಹಿಟ್ಟಿನ ದಪ್ಪ ರೊಟ್ಟಿ ಸುಟ್ಟು, ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿದರು. ಪೇಟೆಯಿಂದ ಟಮಾಟೆ ತಂದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ತಿನ್ನುತ್ತಿರಲಿಲ್ಲ. ಈರುಳ್ಳಿ ಬೇಯಲಿಟ್ಟು, ಟಮಾಟೆಯನ್ನು ಕುದಿಸಿ ಸಿಪ್ಪೆ ಸುಲಿದು ಹಿಸುಕುವಾಗ ಅತ್ತೆ ಬಾಗಿಲಲ್ಲೇ ನಿಂತರು.

"ಹಸೀ ಮಾಂಸ ಕಂಡಂಗ ಐತಲ್ಲೋ ಶರಣ. ಗಂಡಸಾಗಿ ಒಲಿ ಮುಂದ ಕುಂತು ಏನಿದು?"

"ಕಾಯಿಪಲ್ಯ ಅವ್ವ."

"ಆ ಸೊಪ್ಪು? ತುಳಸಿ ಹಾಕಿ ಉಳ್ಳಾಗಡ್ಡಿ ಬೇಸ್ತೀಯೇನು?"

"ತುಳಸಿ ಅಲ್ಲ, ಕಾಮಕಸ್ತೂರಿ. ಸಬ್ಜಾ ಬೀಜ ಇದರದ್ದೇ. ಸಾಬರ ಹಿತ್ತಲದಾಗಿಂದ ತಂದೀನಿ."

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಬಟ್ಟಲು ನನ್ನ ಮುಂದೆ ಬಂತು. ಕೆಂಪು ರಸದಲ್ಲಿ ನೆಂದು ಉಬ್ಬಿದ ರೊಟ್ಟಿ ಚೂರುಗಳು ನನ್ನ ಗಾಯದಿಂದ ಬಿಚ್ಚಿದ ಬಟ್ಟೆಯ ಹಾಗೇ ಕಂಡವು. ಕಣ್ಣು ಮುಚ್ಚಿ ಬಾಯಿ ತೆರೆದೆ. ಹುಳಿ. ನುಂಗಿದೆ. ಕೂಡಲೇ ಬೋಗುಣಿಗೆ ಬಗ್ಗಿದೆ.

ಇವರು ಬೋಗುಣಿ ತೊಳೆದು ತಂದು, ಇನ್ನೊಂದು ಚಮಚ ಎತ್ತಿದರು. "ನಾನೂ ಮೊದಲ ಸಲ ಕಕ್ಕಿದ್ದೆ. ಮುದುಕಿ ಬೈದಳು. ಮಾತು ತಿಳೀಲಿಲ್ಲ, ಬೈಗಳ ತಿಳೀತು."

ನನಗೆ ನಗು ಬಂತು. ನಗುವಾಗ ನಾಲ್ಕು ಚಮಚ ಒಳಗೆ ಹೋಯಿತು. ಉಳಿಯಿತು.

ಆಮೇಲಿನ ದಿನಗಳಲ್ಲಿ ಇವರು ತಿನ್ನಿಸುತ್ತ ಹೇಳುತ್ತಿದ್ದರು, ನಾನು ಕೇಳುತ್ತ ನುಂಗುತ್ತಿದ್ದೆ. ಅದು ಒಂದು ದೇಶವಲ್ಲವಂತೆ, ಸೀಮೆಗೊಂದು ಬಾಯಿರುಚಿಯಂತೆ. ಉತ್ತರದ ನದಿಗಳ ಕಡೆ ಮೆಕ್ಕೆಜೋಳದ ಹಿಟ್ಟನ್ನು ನಮ್ಮ ಸಂಗಟಿ ಮುದ್ದೆಯಂತೆ ತೊಳಸಿ, ಹಲಗೆಯ ಮೇಲೆ ಸುರಿಯುತ್ತಾರಂತೆ. ಮನೆಮಂದಿ ಸುತ್ತ ಕೂತು, ತಂತಮ್ಮ ಕಡೆಯಿಂದ ತಿನ್ನುತ್ತ ನಡುವಿಗೆ ಬರುತ್ತಾರಂತೆ. ದಕ್ಷಿಣದಲ್ಲಿ ಇವರು ಹಡಗಿಳಿದ ಊರಿನ ಹೆಂಗಸರು ಬಾಗಿಲ ಮುಂದೆ ಕೂತು ಗೋಧಿ ಹಿಟ್ಟಿನ ಚೂರುಗಳನ್ನು ಹೆಬ್ಬೆರಳಲ್ಲಿ ಒತ್ತಿ, ಪುಟ್ಟ ಕಿವಿಯ ಹಾಗೆ ಮಾಡಿ, ಬಿಸಿಲಿಗೆ ಒಣಹಾಕುತ್ತಾರಂತೆ. ಒತ್ತುತ್ತ ಹಾಡುತ್ತಾರಂತೆ.

ಇದನ್ನು ಕೇಳಿ ಹೊರಗಿನ ಕಟ್ಟೆಯಿಂದ ಅತ್ತೆಯ ದನಿ ಬಂತು. "ಗವಲಿ ಅದು. ನಮ್ಮ ಮದುವ್ಯಾಗ ಮಾಡಂಗಿಲ್ಲೇನು?"

ಆ ಸಂಜೆ ಅತ್ತೆ ಹಿಟ್ಟು ನಾದಿಕೊಂಡು ಕೂತರು. ಮುಂಗೈ ಸುಟ್ಟ ದಿನದಿಂದ ಅವರು ನನ್ನ ಮುಖ ನೋಡಿರಲಿಲ್ಲ. ಅಂದು ಒಂದು ಚೂರು ಒತ್ತಿ ನನ್ನ ಅಂಗೈ ಮೇಲಿಟ್ಟು, "ಆ ಊರಾಗ ಇಷ್ಟು ತೆಳ್ಳಗ ಮಾಡ್ತಾರೇನು ಕೇಳವನ್ನ," ಎಂದರು. ಮರುದಿನ ಆ ಗವಲಿಯನ್ನು ಬೇಯಿಸಿ ಟಮಾಟೆ ರಸದಲ್ಲಿ ಹಾಕಿಕೊಟ್ಟವರು ಇವರು. ಒಂದು ಬಟ್ಟಲು ಪೂರ್ತಿ ತಿಂದೆ. ಹಸಿವೆ ಎಂಬುದು ಹೇಗಿರುತ್ತದೆ ಎಂದು ತಿಂಗಳಾದ ಮೇಲೆ ತಿಳಿಯಿತು.

ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. ನಾನು ಸುಮ್ಮನಿರಲಿಲ್ಲ.

"ಬರೀ ಇದನ್ನೇ ತಿಂದ್ರೇನು ಅಲ್ಲಿದ್ದಷ್ಟು ದಿನ?"

ಇವರು ಚಮಚ ಕೆಳಗಿಟ್ಟರು. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ. ಮೊಟ್ಟೆಯ ಹೆಸರನ್ನೂ ಜೋರಾಗಿ ಹೇಳುವುದಿಲ್ಲ.

"ಇಲ್ಲ. ಮುದುಕಿ ಒಲಿ ಮ್ಯಾಲೆ ಹಂದಿ ತೊಡಿ ತೂಗಿ ಬಿಟ್ಟಿದ್ದಳು, ಹೊಗಿಗೆ. ಮೈ ಸುಧಾರಿಸಿದ ಮ್ಯಾಲೆ ಅದರಾಗಿಂದ ಕೊಯ್ದು ಕೊಟ್ಟಳು. ತಿಂದೆ."

"ಒಮ್ಮೆ?"

"ಕೊಟ್ಟಾಗೆಲ್ಲ."

ಹೊಟ್ಟೆಯಲ್ಲಿದ್ದದ್ದೆಲ್ಲ ಮೇಲೆ ಬಂತು. ಇದು ಕಾಮಾಲೆಯ ವಾಂತಿಯಲ್ಲ. ಆ ಬಾಯಿ, ಆ ಕೈ, ಆ ಕೈಯಿಂದ ನನ್ನ ಬಾಯಿಗೆ ಬಂದ ಒಂದೊಂದು ತುತ್ತು ನೆನಪಾಯಿತು. ಎರಡು ದಿನ ಇವರ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಪಾರ್ವತಿಯ ಗಂಜಿ ಬಾಯಿಗಿಟ್ಟರೆ ಉಗುಳಿದೆ. ಕಣ್ಣುಗಳು ಮತ್ತೆ ಒಳಗೆ ಹೋದವು. ಅತ್ತೆಗೆ ಕಾರಣ ಹೇಳಲಿಲ್ಲ. ಹೇಳಿದ್ದರೆ ಇವರು ಮನೆಯೊಳಗೆ ಇರುತ್ತಿರಲಿಲ್ಲ.

ಇವರು ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಡ್ರೆಸ್ಸಿಂಗ್ ಬಿಚ್ಚುತ್ತಿದ್ದರು. ಎರಡನೆಯ ದಿನ ನಾನು ಮುಖ ತಿರುಗಿಸದೆ ನೋಡಿದೆ. ಹತ್ತಿಯಿಂದ ಕೀವು ಒರೆಸುವ ಬೆರಳುಗಳನ್ನು ನೋಡಿದೆ. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದರು, ನನಗೆ ತಾಗಬಾರದೆಂದು. ಇಷ್ಟು ದಿನವೂ ನನ್ನ ಮಲ, ನನ್ನ ವಾಂತಿ, ನನ್ನ ಕೊಳೆತ ಮಾಂಸ ಈ ಕೈಗಳಲ್ಲೇ ಹೋಗಿತ್ತು. ಇಬ್ಬರಲ್ಲಿ ಯಾರನ್ನು ಕಂಡು ಯಾರು ಹೆಚ್ಚು ಹೇಸಬೇಕಿತ್ತು? ಇದನ್ನು ನಾನು ದೊಡ್ಡ ಮನಸ್ಸಿನಿಂದ ಯೋಚಿಸಿದ್ದಲ್ಲ. ಹೊಟ್ಟೆ ಹಸಿದಿತ್ತು.

"ಆ ರೊಟ್ಟಿ ನೆನಸಿದ್ದು ಐತೇನ್ರಿ?" ಎಂದೆ.

ಇವರು ಕೈ ತೊಳೆದು ಬಂದರು. ಸೋಪು ಹಚ್ಚಿ ಎರಡು ಸಲ ತೊಳೆದದ್ದು ಕೇಳಿಸಿತು.

ನಲವತ್ತು ದಿನ ಹೋಗಿ ಅರವತ್ತಾಯಿತು. ಕಣ್ಣು ಬೆಳ್ಳಗಾಯಿತು. ಲಿವರ್ ಇಳಿದಿದೆ ಎಂದರು ಡಾಕ್ಟರ್. ಎಣ್ಣೆ ಇನ್ನೂ ಆರು ತಿಂಗಳು ಬೇಡ, ಬಸಿರು ಒಂದು ವರ್ಷ ಬೇಡ ಎಂದರು. ಅಡುಗೆಮನೆಯಲ್ಲಿ ಈಗ ನಿಲ್ಲುತ್ತೇನೆ, ಹೆಚ್ಚು ಹೊತ್ತು ಅಲ್ಲ. ಮುಂಗೈ ಮೇಲೆ ಕಾಸಿನಗಲ ಕಲೆ ಉಳಿದಿದೆ, ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಇವರು ಎಮ್ಮಿಗನೂರಿನ ಬಸ್ಸಿಗೆ ಡ್ರೈವರಾಗಿ ಸೇರಿದ್ದಾರೆ. ಹಂದಿಯ ಮಾತನ್ನು ಇಬ್ಬರೂ ಮತ್ತೆ ಎತ್ತಿಲ್ಲ. ಮರೆತಿದ್ದೇನೆ ಎಂದರೆ ಸುಳ್ಳಾದೀತು. ಕೆಲವು ದಿನ ಇವರು ಊಟಕ್ಕೆ ಕೂತಾಗ ನೆನಪಾಗಿ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ಹೋದ ಸೋಮವಾರ ಇವರ ತಲೆಗೆ ನೀರು ಹಾಕುತ್ತ ಕೇಳಿದೆ. "ಆ ಮುದುಕಿ ಹೆಸರೇನ್ರಿ?"

"ಅಸ್ಸುಂತಾ."

"ಹೋಗಿ ಬರ್ತೀನಂತ ಹೇಳಿ ಬಂದ್ರೋ ಇಲ್ಲೋ?"

"ಹೊತ್ತು ಮೂಡೋಕ ಮೊದಲೇ ಲಾರಿ ಹೊರಟವು. ಹೇಳಾಕ ಆಗಲಿಲ್ಲ."

ಲಿಂಗಪೂಜೆಗೆ ಕೂತಾಗ ಆ ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡೆ. ಆಕೆ ಬದುಕಿದ್ದಾಳೋ ಇಲ್ಲವೋ ತಿಳಿಯದು. ಆಕೆಯ ಮನೆಯ ಹೊಸ್ತಿಲನ್ನು ನಾನು ದಾಟಲಾರೆ, ಆ ಒಲೆಯ ಮುಂದೆ ಕೂತು ಒಂದು ಗುಟುಕು ನೀರನ್ನೂ ಕುಡಿಯಲಾರೆ. ಆದರೂ ಆಕೆ ಚೆನ್ನಾಗಿರಲಿ ಎಂದೇ ಕೇಳಿಕೊಂಡೆ.