ಬೋರ್‌ವೆಲ್‌ನೊಳಗಿನ ಕೋಳಿ

ಮಾದಾಪುರದ ಆ ಎಸ್ಟೇಟಿನಲ್ಲಿ ಎಲ್ಲರೂ ನಂಬಿದ್ದು ಒಂದೇ: ಕೂಲಿಕಾರರ ಲೈನ್‌ಮನೆಯ ಮಣಿ ಬೋರ್‌ವೆಲ್‌ಗೆ ಸತ್ತ ಕೋಳಿ ಹಾಕಿದ್ದಾನೆ. ನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಸಂಜೆಯೊಳಗೆ ಮನೆ ಖಾಲಿ ಮಾಡು ಎಂದು ಮೇಲ್ವಿಚಾರಣೆಯ ರೈಟರ್ ಮಣಿಗೆ ಹೇಳಿಯಾಗಿತ್ತು.

ನೀರು ಪರೀಕ್ಷಿಸಲು ಹೋಗಿದ್ದ ನಾನು ರೈಟರಿಗೆ ವಿವರಿಸಿದೆ: ನೀರಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇದೆ, ಅದರೊಳಗಿನ ಕಿಣ್ವವೊಂದು ಗಂಧಕದ ಲವಣವನ್ನು ಈ ನಾತದ ಅನಿಲವಾಗಿಸುತ್ತದೆ.

“ಸರಿ ಸಾರ್. ಆ ಬ್ಯಾಕ್ಟೀರಿಯಾ ಹಾಕಿದ್ದೂ ಇವನೇ ಅಲ್ವಾ?”

“ನನ್ನ ಕೋಳಿಗಳೆಲ್ಲ ಗೂಡಲ್ಲೇ ಇವೆ,” ಎಂದ ಮಣಿ.

“ಹುಂಜ ಎಲ್ಲೋ?”

“ಅದನ್ನ ಪುತ್ತರಿ ಹಬ್ಬಕ್ಕೆ ನೀವೇ ತಿಂದ್ರಲ್ಲ ರೈಟರೇ!”

ಕಿಣ್ವದ ಮಾತು ಬಿಟ್ಟು, ಬೋರ್‌ವೆಲ್ ತೋರಿಸಿ ಎಂದೆ. ಕೊರೆಸಿದಾಗಲೇ ಅದರ ಬಾಯಿಗೆ ಕಬ್ಬಿಣದ ಮುಚ್ಚಳವಿಟ್ಟು ವೆಲ್ಡಿಂಗ್ ಮಾಡಿಸಿದ್ದರು.